ಬಾಗಿದ್ದಕ್ಕೇ ಅದು ನೀರು

ಮಕ್ಕಳು, ಹೆತ್ತವರು, ಮೇಷ್ಟ್ರುಗಳು ಎಲ್ಲ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಓದುವವರ ಕಣ್ಣಿಗೂ ಕಟ್ಟಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.

ಮೇಜಿನ ಮೇಲೆ ಒಂದು ಗಾಜಿನ ಲೋಟ ಇಟ್ಟಿದ್ದೆ. ಅಂಚಿನವರೆಗೂ ನೀರು. ಇನ್ನೊಂದು ಹನಿ ಬಿದ್ದರೂ ಚೆಲ್ಲುತ್ತದೆ ಅನ್ನಿಸುವಷ್ಟು. ಪಕ್ಕದಲ್ಲಿ ಒಂದು ಹಿಡಿ ಸಣ್ಣ ನಾಣ್ಯಗಳು. ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿಯನ್ನು ಕರೆದೆ. "ಬಾರಮ್ಮ ಇಲ್ಲಿ. ಒಂದೊಂದೇ ನಾಣ್ಯ ತಗೋ. ಅಂಚು ಕೆಳಗೆ ಮಾಡಿ ಮೆಲ್ಲಗೆ ನೀರಿಗೆ ಬಿಡು. ಬೆರಳು ಮಾತ್ರ ನೀರಿಗೆ ತಾಗಬಾರದು."

ಅವಳು ಬಿಡುತ್ತಾ ಹೋದಳು. ಸಭೆ ಎಣಿಸುತ್ತಾ ಹೋಯಿತು. ಮೂರು, ನಾಲ್ಕು, ಐದು. ನೀರು ಚೆಲ್ಲಲಿಲ್ಲ. ಎಂಟು, ಒಂಬತ್ತು. ಆಗ ಅವಳಿಗೆ ಬಗ್ಗಿ, ಲೋಟದ ಅಂಚಿಗೆ ಸಮನಾಗಿ ಕಣ್ಣಿಟ್ಟು ನೋಡು ಅಂದೆ. ನೋಡಿದವಳು "ಅಯ್ಯೋ, ನೀರು ಉಬ್ಬಿದೆ!" ಅಂದಳು. ಹನ್ನೆರಡು ನಾಣ್ಯ ಆದ ಮೇಲೆ ನಿಲ್ಲಿಸಿದೆವು. ಲೋಟದ ಬಾಯಿಗಿಂತ ಮೇಲೆ, ಗಾಜಿನ ಗೋಡೆಯೇ ಇಲ್ಲದ ಕಡೆ, ನೀರು ಸಣ್ಣ ಗುಮ್ಮಟದ ಹಾಗೆ ನಿಂತಿತ್ತು.

ಆ ನೀರನ್ನು ಹಿಡಿದುಕೊಂಡಿರುವುದು ಯಾರು? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ. ಉತ್ತರವನ್ನು ಮುಚ್ಚಿಡುವುದಿಲ್ಲ, ಈಗಲೇ ಹೇಳುತ್ತೇನೆ. ನೀರಿನ ಅಣು ನೆಟ್ಟಗಿಲ್ಲ, ಬಾಗಿದೆ. ಆ ಬಾಗು ಎಲ್ಲಿಂದ ಬಂತು, ಅದರಿಂದ ಏನೇನಾಯಿತು ಅನ್ನುವುದಷ್ಟೇ ಉಳಿದ ಕಥೆ.

ನಾನು ಶಾಲೆಯಲ್ಲಿದ್ದಾಗ ನೀರಿನ ಅಣುವನ್ನು ಒಂದೇ ಗೆರೆಯಲ್ಲಿ ಬರೆಯುತ್ತಿದ್ದೆ. ನಡುವೆ ಆಮ್ಲಜನಕ, ಆ ಕಡೆ ಒಂದು ಜಲಜನಕ, ಈ ಕಡೆ ಒಂದು ಜಲಜನಕ. ಯಾರೂ ತಿದ್ದಲಿಲ್ಲ. ಪರೀಕ್ಷೆಯಲ್ಲಿ ಅಂಕ ಕೂಡ ಬಂತು. ಆ ಗೆರೆ ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ವರ್ಷಗಳಾದ ಮೇಲೆ. ಅಣು ನಿಜವಾಗಿಯೂ ಆ ಗೆರೆಯ ಹಾಗೆ ಇದ್ದಿದ್ದರೆ ಈ ಲೋಟದಲ್ಲಿ ನೀರೇ ಇರುತ್ತಿರಲಿಲ್ಲ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಒಂದು ಹನಿ. ತೊಟ್ಟಿಕ್ಕಿಸುವ ನಳಿಕೆಯಿಂದ ಬೀಳುವ ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ಅಂಥ ಒಂದೇ ಹನಿಯಲ್ಲಿ ಎಷ್ಟು ಅಣುಗಳಿವೆ? ಸೊನ್ನೆಗಳ ಸಾಲು ಬರೆದರೆ ತಲೆಗೆ ಹೋಗುವುದಿಲ್ಲ. ಹೀಗೆ ಯೋಚಿಸಿ. ಭೂಮಿಯ ಮೇಲಿರುವ ಸುಮಾರು 800 ಕೋಟಿ ಜನರೂ ಸೇರಿ ಎಣಿಸಲು ಕೂರುತ್ತೇವೆ. ಊಟ ಇಲ್ಲ, ನಿದ್ದೆ ಇಲ್ಲ. ಒಬ್ಬೊಬ್ಬರು ಸೆಕೆಂಡಿಗೆ ಒಂದು ಅಣು ಎಣಿಸುತ್ತೇವೆ. ಆ ಒಂದು ಹನಿ ಮುಗಿಯಲು ಆರೂವರೆ ಸಾವಿರ ವರ್ಷಕ್ಕೂ ಜಾಸ್ತಿ ಬೇಕು.

ಅಣುವನ್ನು ಬಿಡಿಸಿದರೆ ಪರಮಾಣು. ಅದರ ಒಳಗೆ ಏನಿದೆ ಅನ್ನುವುದು ನಿಮಗೆ ಗೊತ್ತಿರುವುದೇ, ಬೇಗ ದಾಟಿಬಿಡುತ್ತೇನೆ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದರು. 1911ರಲ್ಲಿ ರುದರ್‌ಫೋರ್ಡ್ ನಡುವಿನಲ್ಲಿ ಒಂದು ಗಟ್ಟಿ ತಿರುಳು ಇದೆ ಅಂದರು. ಅದೇ ನ್ಯೂಕ್ಲಿಯಸ್. ತಿರುಳಿನಲ್ಲಿ ಧನ ಚಾರ್ಜ್ ಇರುವ ಪ್ರೋಟಾನ್, ಚಾರ್ಜೇ ಇಲ್ಲದ ನ್ಯೂಟ್ರಾನ್. ಹೊರಗೆ ಋಣ ಚಾರ್ಜಿನ ಎಲೆಕ್ಟ್ರಾನ್. ಪ್ರೋಟಾನ್ ತೂಕ ಎಲೆಕ್ಟ್ರಾನಿನ 1836 ಪಟ್ಟು.

ಆದರೆ ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜಲಜನಕದ ತಿರುಳನ್ನು ಹಿಗ್ಗಿಸಿ ಒಂದು ಸೆಂಟಿಮೀಟರಿನ ಗೋಲಿ ಮಾಡಿದಿರಿ ಅಂದುಕೊಳ್ಳಿ. ಆಗ ಅದರ ಎಲೆಕ್ಟ್ರಾನ್ ಹರಡಿಕೊಂಡಿರುವ ಜಾಗ ಆರುನೂರು ಮೀಟರಿಗೂ ಜಾಸ್ತಿ ಅಗಲ ಇರುತ್ತದೆ. ದೊಡ್ಡ ಬಯಲು, ನಡುವೆ ಒಂದು ಗೋಲಿ. ಸೂರ್ಯನ ಸುತ್ತ ಗ್ರಹ ಸುತ್ತುವ ಹಾಗೆ ಎಲೆಕ್ಟ್ರಾನ್ ಸುತ್ತುತ್ತದೆ ಅಂತ ಚಿತ್ರ ಬರೆಯುತ್ತಾರಲ್ಲ, ಅದನ್ನು ಮರೆತುಬಿಡಿ. ಬಯಲಿನ ಮೇಲೆ ಕವಿದ ಮಂಜು ಅಂದುಕೊಳ್ಳಿ. ಕೆಲವು ಕಡೆ ದಟ್ಟ, ಕೆಲವು ಕಡೆ ತೆಳು. ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಎಲ್ಲಿ ಜಾಸ್ತಿಯೋ ಅಲ್ಲಿ ಮಂಜು ದಟ್ಟ.

ರಸಾಯನಶಾಸ್ತ್ರ ನಡೆಯುವುದು ಈ ಮಂಜಿನ ಹೊರ ಅಂಚಿನಲ್ಲಿ. ತಿರುಳಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಎರಡು ಪರಮಾಣುಗಳು ಹತ್ತಿರ ಬಂದಾಗ ಮುಟ್ಟುವುದು ಹೊರಗಿನ ಎಲೆಕ್ಟ್ರಾನ್‌ಗಳು ಮಾತ್ರ. ಅವು ಪದರ ಪದರವಾಗಿ ತುಂಬುತ್ತವೆ. ಒಳ ಪದರದಲ್ಲಿ ಎರಡಕ್ಕೆ ಜಾಗ, ಅದರಾಚೆ ಎಂಟಕ್ಕೆ. ಜಲಜನಕಕ್ಕೆ ಇರುವುದು ಒಂದೇ ಎಲೆಕ್ಟ್ರಾನ್, ಅದರ ಪದರಕ್ಕೆ ಇನ್ನೊಂದು ಬರಬಹುದು. ಆಮ್ಲಜನಕಕ್ಕೆ ಎಂಟು. ಒಳಗೆ ಎರಡು, ಹೊರಗೆ ಆರು. ಹೊರಗೆ ಇನ್ನೂ ಎರಡಕ್ಕೆ ಜಾಗ ಖಾಲಿ. ಒಂದು ಆಮ್ಲಜನಕಕ್ಕೆ ಎರಡು ಜಲಜನಕ ಅನ್ನುವ ಲೆಕ್ಕ ಇಲ್ಲೇ ಬಂದುಬಿಟ್ಟಿತು ನೋಡಿ.

ಈಗ ಇದು ಇಷ್ಟು ಸುಲಭವಾಗಿ ಕಾಣುತ್ತದೆ. ಆದರೆ ಎಚ್‌ಟುಓ ಅನ್ನುವ ಮೂರಕ್ಷರಕ್ಕೆ ಜನ ಅರ್ಧ ಶತಮಾನ ಜಗಳಾಡಿದ್ದಾರೆ. ಇಂಗ್ಲೆಂಡಿನ ಕ್ಯಾವೆಂಡಿಶ್ 1780ರ ದಶಕದಲ್ಲಿ ಜಲಜನಕವನ್ನು ಉರಿಸಿದಾಗ ನೀರು ಬರುವುದನ್ನು ತೋರಿಸಿದರು. ಅಲ್ಲಿಯವರೆಗೆ ನೀರು ಅಂದರೆ ಒಂದು ಮೂಲವಸ್ತು ಅಂತಲೇ ನಂಬಿಕೆ. ಎರಡು ಸಾವಿರ ವರ್ಷದ ನಂಬಿಕೆ ಅದು. 1800ರಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಉಲ್ಟಾ ಮಾಡಿದರು. ವೋಲ್ಟಾ ಆಗ ತಾನೇ ಕಂಡುಹಿಡಿದಿದ್ದ ಬ್ಯಾಟರಿಯಿಂದ ನೀರಿಗೆ ಕರೆಂಟ್ ಹರಿಸಿದರು. ಎರಡು ತಂತಿಗಳಲ್ಲೂ ಗುಳ್ಳೆ ಎದ್ದವು. ಒಂದು ಕಡೆ ಬಂದ ಅನಿಲ ಇನ್ನೊಂದು ಕಡೆ ಬಂದದ್ದರ ಎರಡರಷ್ಟು. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ.

ಅಷ್ಟಾದರೂ ಡಾಲ್ಟನ್ ನೀರನ್ನು ಒಂದಕ್ಕೆ ಒಂದು ಅಂತಲೇ ಬರೆದರು. ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್! ಪ್ರಕೃತಿ ಆದಷ್ಟು ಸರಳವಾಗಿರುತ್ತದೆ ಅನ್ನುವುದು ಅವರ ನಂಬಿಕೆ. 1811ರಲ್ಲಿ ಇಟಲಿಯ ಅವೊಗಾಡ್ರೊ ಒಂದು ಮಾತು ಹೇಳಿದರು. ಬಿಸಿ ಮತ್ತು ಒತ್ತಡ ಒಂದೇ ಇದ್ದರೆ, ಸಮ ಗಾತ್ರದ ಯಾವ ಅನಿಲದಲ್ಲೂ ಅಣುಗಳ ಸಂಖ್ಯೆ ಸಮ. ಎರಡು ಪಾಲು ಅಂದರೆ ಎರಡು ಪರಮಾಣು ಅಂತ ಆಗ ಅರ್ಥ ಆಗಬೇಕಿತ್ತು. ಯಾರೂ ಕಿವಿಗೊಡಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ದೊಡ್ಡ ಸಭೆ ಸೇರಿತು. ಅಲ್ಲಿ ಕನಿಝಾರೊ ಈ ಹಳೆಯ ಮಾತನ್ನು ಮತ್ತೆ ಎತ್ತಿ ವಾದಿಸಿದರು. ಆಮೇಲೆಯೇ ಅದು ನಿಂತಿದ್ದು. ಅವೊಗಾಡ್ರೊ ತೀರಿಕೊಂಡು ಆಗಲೇ ನಾಲ್ಕು ವರ್ಷ ಆಗಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ಸರಿ, ಬಂಧದ ವಿಷಯಕ್ಕೆ ಬರೋಣ.

ಪರಮಾಣುಗಳು ಯಾಕೆ ಜೊತೆಯಾಗುತ್ತವೆ? "ಆಮ್ಲಜನಕಕ್ಕೆ ಎರಡು ಎಲೆಕ್ಟ್ರಾನ್ ಬೇಕು" ಅಂತ ನಾವು ಮಾತಿಗೆ ಹೇಳುತ್ತೇವೆ. ಪರಮಾಣುವಿಗೆ ಬೇಕು ಬೇಡ ಇಲ್ಲ. ಇಳಿಜಾರಿನಲ್ಲಿ ಚೆಂಡು ಉರುಳುತ್ತದೆ, ಅಷ್ಟೇ. ಒಂಟಿಯಾಗಿದ್ದಾಗ ಇರುವ ಶಕ್ತಿಗಿಂತ ಜೊತೆಯಾಗಿದ್ದಾಗ ಇರುವ ಶಕ್ತಿ ಕಡಿಮೆ. ಕೆಳಗೆ ಉರುಳಿದಾಗ ಮಿಕ್ಕ ಶಕ್ತಿ ಬಿಸಿಯಾಗಿ, ಬೆಳಕಾಗಿ ಹೊರಗೆ ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಅಂದರೆ, ಓದಿದವರೂ ಹೇಳುತ್ತಾರೆ: "ಬಂಧ ಒಡೆದರೆ ಶಕ್ತಿ ಬರುತ್ತದೆ" ಅಂತ. ಇಲ್ಲ. ಬಂಧ ಒಡೆಯಲು ಶಕ್ತಿ ಹಾಕಬೇಕು. ಶಕ್ತಿ ಬರುವುದು ಬಂಧ ಆದಾಗ. ಜಲಜನಕ ಉರಿದು ನೀರಾಗುವ ಲೆಕ್ಕವನ್ನೇ ತಗೊಳ್ಳಿ. 18 ಗ್ರಾಂ ನೀರು ಬರಬೇಕು. ಮೊದಲು ಜಲಜನಕದ ಜೋಡಿಗಳನ್ನು ಬಿಡಿಸಬೇಕು, 436 ಕಿಲೋಜೂಲ್ ಖರ್ಚು. ಆಮ್ಲಜನಕದ ಜೋಡಿಗಳನ್ನೂ ಬಿಡಿಸಬೇಕು, ಅದಕ್ಕೆ 249. ಒಟ್ಟು ಹಾಕಿದ್ದು 685. ಆಮೇಲೆ ನೀರಿನ ಬಂಧಗಳು ಕಟ್ಟಿಕೊಳ್ಳುತ್ತವೆ. ಆಗ ಬರುವುದು ಸುಮಾರು 927. ಉಳಿದ 242 ಕಿಲೋಜೂಲೇ ಆ ಉರಿ. ಜಲಜನಕವನ್ನೂ ಆಮ್ಲಜನಕವನ್ನೂ ಸುಮ್ನೆ ಬೆರೆಸಿಟ್ಟರೆ ಏನೂ ಆಗುವುದಿಲ್ಲ, ಒಂದು ಕಿಡಿ ಬೇಕು. ಯಾಕೆ ಅಂತ ಈಗ ಗೊತ್ತಾಯಿತಲ್ಲ? ಮೊದಲ ಕೆಲವು ಜೋಡಿಗಳನ್ನು ಬಿಡಿಸುವ ಖರ್ಚನ್ನು ಯಾರಾದರೂ ಕೊಡಬೇಕು. ಒಮ್ಮೆ ಶುರುವಾದರೆ ಮುಂದಿನದ್ದನ್ನು ಅದೇ ನೋಡಿಕೊಳ್ಳುತ್ತದೆ.

ಉಪ್ಪಿನ ಬಂಧದ ಬಗ್ಗೆಯೂ ಇಂಥದ್ದೇ ಒಂದು ಅರ್ಧ ಸತ್ಯ ಇದೆ. ಸೋಡಿಯಂ ಮೆತ್ತಗಿನ ಲೋಹ, ನೀರು ತಾಗಿದರೆ ಸಿಡಿಯುತ್ತದೆ. ಕ್ಲೋರಿನ್ ಹಸಿರು ಛಾಯೆಯ ವಿಷಾನಿಲ, 1915ರಲ್ಲಿ ಯುದ್ಧದಲ್ಲಿ ಅದನ್ನು ಜನರ ಮೇಲೆ ಬಿಟ್ಟಿದ್ದಾರೆ. ಎರಡೂ ಸೇರಿದರೆ ಉಪ್ಪು. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಖುಷಿಯಿಂದ ಕೊಡುತ್ತದೆ, ಕ್ಲೋರಿನ್ ಖುಷಿಯಿಂದ ತಗೊಳ್ಳುತ್ತದೆ ಅಂತ ಕಲಿಸುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 23 ಗ್ರಾಂ ಸೋಡಿಯಂನ ಒಂಟಿ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಬೇಕು. ಅಷ್ಟನ್ನೂ ಕ್ಲೋರಿನ್ ತಗೊಂಡಾಗ ವಾಪಸ್ ಬರುವುದು 349 ಮಾತ್ರ. ಅಂದರೆ ಈ ಕೊಡುಕೊಳ್ಳುವಿಕೆಯೇ ನಷ್ಟದ ವ್ಯವಹಾರ! ಲಾಭ ಬರುವುದು ಆಮೇಲೆ. ಧನ ಚಾರ್ಜಿನ ಸೋಡಿಯಂ, ಋಣ ಚಾರ್ಜಿನ ಕ್ಲೋರಿನ್ ಒಂದರ ಪಕ್ಕ ಒಂದು, ಮೇಲೆ ಕೆಳಗೆ, ಹಿಂದೆ ಮುಂದೆ ಸಾಲಾಗಿ ಕೂರುತ್ತವೆ. ಹಾಗೆ ಕೂತಾಗ 787 ಕಿಲೋಜೂಲ್ ಬರುತ್ತದೆ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಒಂದೊಂದು ಕ್ಲೋರಿನ್ ಸುತ್ತ ಆರು ಸೋಡಿಯಂ. ಇಲ್ಲಿ "ಉಪ್ಪಿನ ಅಣು" ಅಂತ ಒಂದು ಇಲ್ಲವೇ ಇಲ್ಲ. ಇಡೀ ಹರಳೇ ಒಂದು ಕಟ್ಟಡ. ಭೂತಗನ್ನಡಿಯಲ್ಲಿ ಪುಡಿ ಉಪ್ಪು ನೋಡಿ, ಪುಟ್ಟ ಪುಟ್ಟ ಘನಾಕೃತಿಗಳು ಕಾಣುತ್ತವೆ. ಒಳಗಿನ ಆ ಸಾಲುಗಳ ಆಕಾರವೇ ಹೊರಗೆ ಕಾಣುವುದು.

ನೀರಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಯಾರೂ ಯಾರಿಗೂ ಪೂರ್ತಿ ಕೊಡುವುದಿಲ್ಲ. ಹಂಚಿಕೊಳ್ಳುತ್ತಾರೆ. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಂಡರೆ ಅದೇ ಬಂಧ ಅನ್ನುವ ವಿಚಾರವನ್ನು 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಮುಂದಿಟ್ಟರು. ಶಾಲೆಯಲ್ಲಿ ಪರಮಾಣುವಿನ ಸುತ್ತ ಚುಕ್ಕಿ ಇಟ್ಟು ಬರೆಯುತ್ತೇವಲ್ಲ, ಅದು ಅವರಿಂದ ಬಂದದ್ದು. ಇದಕ್ಕೆ ಪಠ್ಯದಲ್ಲಿ ಸಹವೇಲೆನ್ಸೀಯ ಬಂಧ ಅನ್ನುತ್ತಾರೆ. ನಾನು ಹಂಚಿಕೆಯ ಬಂಧ ಅನ್ನುತ್ತೇನೆ, ನಾಲಿಗೆಗೆ ಸುಲಭ.

ಆದರೆ ಹಂಚಿಕೆ ಸಮ ಅಲ್ಲ. ಯಾವ ಪರಮಾಣು ಎಲೆಕ್ಟ್ರಾನನ್ನು ಎಷ್ಟು ಜೋರಾಗಿ ತನ್ನ ಕಡೆ ಎಳೆಯುತ್ತದೆ ಅನ್ನುವುದಕ್ಕೆ ಲೈನಸ್ ಪಾಲಿಂಗ್ 1932ರಲ್ಲಿ ಒಂದು ಅಳತೆ ಮಾಡಿದರು. ಈಗ ಬಳಸುವ ಪಟ್ಟಿಯಲ್ಲಿ ಜಲಜನಕಕ್ಕೆ 2.20, ಆಮ್ಲಜನಕಕ್ಕೆ 3.44. ಹಗ್ಗಜಗ್ಗಾಟದಲ್ಲಿ ಒಂದು ಕಡೆ ಗಟ್ಟಿಗ ಇದ್ದ ಹಾಗೆ. ಜೋಡಿ ಎಲೆಕ್ಟ್ರಾನ್‌ಗಳು ಆಮ್ಲಜನಕದ ಕಡೆಗೇ ವಾಲುತ್ತವೆ. ಆ ಕಡೆ ಸ್ವಲ್ಪ ಋಣ, ಜಲಜನಕದ ಕಡೆ ಸ್ವಲ್ಪ ಧನ.

ಇಷ್ಟಕ್ಕೇ ನೀರಿನ ಗುಣ ಎಲ್ಲ ಬಂತು ಅಂತ ಬಹಳ ಕಡೆ ನಿಲ್ಲಿಸಿಬಿಡುತ್ತಾರೆ. ಅದು ಸಾಲದು. ಇಂಗಾಲದ ಡೈಆಕ್ಸೈಡನ್ನು ನೋಡಿ. ಅಲ್ಲೂ ಆಮ್ಲಜನಕ ಎಳೆಯುತ್ತದೆ. ನಡುವೆ ಇಂಗಾಲ, ಎರಡು ಪಕ್ಕ ಎರಡು ಆಮ್ಲಜನಕ. ಆದರೆ ಆ ಅಣು ನೆಟ್ಟಗಿದೆ. ಎಡಕ್ಕೆ ಎಳೆದದ್ದು, ಬಲಕ್ಕೆ ಎಳೆದದ್ದು ಸಮಸಮ. ಒಂದನ್ನೊಂದು ಹೊಡೆದುಹಾಕುತ್ತವೆ. ಹೊರಗಿನಿಂದ ನೋಡಿದರೆ ಅಣುವಿಗೆ ಈ ತುದಿ ಧನ, ಆ ತುದಿ ಋಣ ಅಂತ ಏನೂ ಇಲ್ಲ. ಹಾಗಾಗಿ ಅಕ್ಕಪಕ್ಕದ ಅಣುಗಳ ನಡುವೆ ಸೆಳೆತ ಕಡಿಮೆ. ನೀರಿನ ಅಣುವಿಗಿಂತ ಅದು ಎರಡೂವರೆ ಪಟ್ಟು ತೂಕ, ಆದರೂ ಅನಿಲ. ಸೊನ್ನೆಗಿಂತ 78 ಡಿಗ್ರಿ ಕೆಳಗೆ ಹೋದರೆ ಮಾತ್ರ ಗಟ್ಟಿಯಾಗುತ್ತದೆ. ನೀರಿನ ಅಣುವೂ ನನ್ನ ಶಾಲೆಯ ಚಿತ್ರದ ಹಾಗೆ ನೆಟ್ಟಗಿದ್ದಿದ್ದರೆ ಅದರ ಗತಿಯೂ ಇದೇ. ಸಮುದ್ರ ಇಲ್ಲ, ಹನಿ ಇಲ್ಲ, ಗಾಳಿಯಲ್ಲಿ ಇನ್ನೊಂದು ಅನಿಲ ಅಷ್ಟೇ.

ಹಾಗಾದರೆ ನೀರು ಬಾಗಿದ್ದು ಯಾಕೆ? ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಚೆಂದ. ನಾಲ್ಕು ಬಲೂನು ಊದಿಟ್ಟಿದ್ದೆ. ಎರಡು ಕೆಂಪು, ಎರಡು ಬಿಳಿ. ನಾಲ್ಕರ ಗಂಟನ್ನೂ ಒಂದೇ ಕಡೆ ಬಿಗಿಯಾಗಿ ಕಟ್ಟಿ ಕೈಬಿಟ್ಟೆ. ಅವು ಚೌಕದ ಹಾಗೆ ಮಲಗಲಿಲ್ಲ. ಒಂದನ್ನೊಂದು ತಳ್ಳಿಕೊಂಡು, ಮೂರು ಕೆಳಗೆ ಕಾಲು ಚಾಚಿ, ಒಂದು ಮೇಲೆ ನಿಂತಿತು. ನಾನು ಒತ್ತಿ ಚಪ್ಪಟೆ ಮಾಡಿದೆ. ಕೈ ತೆಗೆದ ಕೂಡಲೇ ಮತ್ತೆ ಅದೇ ಆಕಾರ. ನಾಲ್ಕೂ ಆದಷ್ಟು ದೂರ ದೂರ ಇರಬೇಕಾದರೆ ಅದೊಂದೇ ದಾರಿ. ಆಗ ಯಾವ ಎರಡು ಬಲೂನಿನ ನಡುವೆಯೂ ಕೋನ 109.5 ಡಿಗ್ರಿ.

ಆಮ್ಲಜನಕದ ಸುತ್ತಲೂ ನಾಲ್ಕು ಜೋಡಿ ಎಲೆಕ್ಟ್ರಾನ್ ಇವೆ. ಎರಡು ಜೋಡಿ ಜಲಜನಕದೊಂದಿಗೆ ಹಂಚಿಕೊಂಡವು, ಅವು ಬಿಳಿ ಬಲೂನು. ಇನ್ನೆರಡು ಯಾರೊಂದಿಗೂ ಹಂಚಿಕೊಳ್ಳದ ಒಂಟಿ ಜೋಡಿ, ಅವು ಕೆಂಪು. ಎಲ್ಲಕ್ಕೂ ಋಣ ಚಾರ್ಜ್, ಒಂದನ್ನೊಂದು ದೂರ ತಳ್ಳುತ್ತವೆ. ಬಲೂನಿನ ಹಾಗೇ ಕೂರುತ್ತವೆ. ಜಲಜನಕ ಇರುವುದು ಬಿಳಿ ಬಲೂನಿನ ತುದಿಯಲ್ಲಿ ಮಾತ್ರ. ಅಂದಮೇಲೆ ಅಣು ನೆಟ್ಟಗಿರಲು ಹೇಗೆ ಸಾಧ್ಯ? ಒಂಟಿ ಜೋಡಿಯನ್ನು ಆ ಕಡೆಯಿಂದ ಎಳೆಯಲು ಇನ್ನೊಂದು ತಿರುಳಿಲ್ಲ. ಅದಕ್ಕೇ ಅದು ಆಮ್ಲಜನಕದ ಹತ್ತಿರವೇ ದಪ್ಪಗೆ ಹರಡಿಕೊಳ್ಳುತ್ತದೆ, ಬಿಳಿ ಬಲೂನುಗಳನ್ನು ಸ್ವಲ್ಪ ಒತ್ತುತ್ತದೆ. 109.5 ಇರಬೇಕಾದದ್ದು 104.5 ಆಗುತ್ತದೆ. ಇಂಗಾಲದ ಡೈಆಕ್ಸೈಡಿನ ನಡುವಿನ ಇಂಗಾಲಕ್ಕೆ ಒಂಟಿ ಜೋಡಿ ಒಂದೂ ಇಲ್ಲ. ಎರಡೇ ಗುಂಪು, ಎರಡು ಬಲೂನು. ಎರಡು ಬಲೂನು ಕಟ್ಟಿದರೆ ನೆಟ್ಟಗೇ ನಿಲ್ಲುತ್ತವೆ, ಅಲ್ವಾ?

104.5 ಡಿಗ್ರಿ. ಈ ಒಂದು ಸಂಖ್ಯೆ ನೆನಪಿನಲ್ಲಿ ಇಟ್ಟುಕೊಳ್ಳಿ ಅಂತ ಮಕ್ಕಳಿಗೆ ಹೇಳಿದೆ. ಅಣು ಬಾಗಿದ್ದರಿಂದ ಎಳೆತಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಎರಡು ಜಲಜನಕವೂ ಒಂದೇ ಮಗ್ಗುಲಲ್ಲಿ, ಅಲ್ಲಿ ಧನ. ಇನ್ನೊಂದು ಮಗ್ಗುಲಲ್ಲಿ ಒಂಟಿ ಜೋಡಿಗಳು, ಅಲ್ಲಿ ಋಣ. ಈಗ ಪಕ್ಕದ ಅಣು ಬರುತ್ತದೆ. ಇದರ ಜಲಜನಕ ಅದರ ಒಂಟಿ ಜೋಡಿಯ ಕಡೆಗೆ ತಿರುಗುತ್ತದೆ. ಕೈ ಚಾಚಿ ಹಿಡಿದ ಹಾಗೆ. ಇದೇ ಹೈಡ್ರೋಜನ್ ಬಂಧ. ಒಂದು ಅಣುವಿಗೆ ಚಾಚಲು ಎರಡು ಕೈ, ಬೇರೆಯವರು ಹಿಡಿಯಲು ಎರಡು ಜಾಗ. ಒಟ್ಟು ನಾಲ್ಕು ನೆರೆಯವರು.

ಈ ಹಿಡಿತ ಬಲವಾದದ್ದೇನಲ್ಲ. ಅಣುವಿನ ಒಳಗಿನ ಬಂಧದ ಇಪ್ಪತ್ತನೇ ಒಂದು ಪಾಲು ಇರಬಹುದು. ಬಾಳಿಕೆಯೂ ಕಡಿಮೆ. ದ್ರವ ನೀರಿನಲ್ಲಿ ಒಂದು ಹಿಡಿತ ಉಳಿಯುವುದು ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಆಸುಪಾಸು. ಬಿಟ್ಟ ಕೂಡಲೇ ಇನ್ನೊಂದನ್ನು ಹಿಡಿಯುತ್ತದೆ. ಅದಕ್ಕೇ ನೀರು ಹರಿಯುತ್ತದೆ. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಹೆಚ್ಚಿನ ಕೈಗಳು ಯಾರನ್ನೋ ಹಿಡಿದೇ ಇರುತ್ತವೆ. ಅದಕ್ಕೇ ನೀರು ಚದುರಿ ಹೋಗುವುದಿಲ್ಲ.

ಈ ಹಿಡಿತ ಎಷ್ಟು ದೊಡ್ಡ ವಿಷಯ ಅಂತ ತಿಳಿಯಲು ನೀರಿನ ದಾಯಾದಿಗಳನ್ನು ನೋಡಬೇಕು. ಆವರ್ತ ಕೋಷ್ಟಕದಲ್ಲಿ ಆಮ್ಲಜನಕದ ಕೆಳಗೆ ಗಂಧಕ, ಸೆಲೆನಿಯಂ, ಟೆಲ್ಯೂರಿಯಂ ಇವೆ. ಅವೂ ಎರಡೆರಡು ಜಲಜನಕ ಹಿಡಿದುಕೊಳ್ಳುತ್ತವೆ. ಟೆಲ್ಯೂರಿಯಂನದ್ದು ಕುದಿಯುವುದು ಸೊನ್ನೆಗಿಂತ 2 ಡಿಗ್ರಿ ಕೆಳಗೆ. ಸೆಲೆನಿಯಂನದ್ದು 41 ಡಿಗ್ರಿ ಕೆಳಗೆ. ಗಂಧಕದ್ದು 60 ಡಿಗ್ರಿ ಕೆಳಗೆ. ಅಣು ಹಗುರವಾದಷ್ಟೂ ಬೇಗ ಕುದಿಯುತ್ತದೆ. ಇದೇ ಮೆಟ್ಟಿಲು ಇಳಿದರೆ ನೀರು ಇನ್ನೂ ಕೆಳಗೆ ಕುದಿಯಬೇಕಿತ್ತು. ಅದು ಕುದಿಯುವುದು 100ರಲ್ಲಿ. ಗಂಧಕದ ಸಂಬಂಧಿಯೂ ಬಾಗಿದೆ, ಒಪ್ಪುತ್ತೇನೆ. ಆದರೆ ಗಂಧಕದ ಎಳೆತ ಕಡಿಮೆ, ಪಾಲಿಂಗ್ ಅಳತೆಯಲ್ಲಿ 2.58 ಅಷ್ಟೇ. ಬಾಗೂ ಬೇಕು, ಬಲವಾದ ಎಳೆತವೂ ಬೇಕು. ನೀರಿಗೆ ಎರಡೂ ಸಿಕ್ಕಿವೆ.

ಇನ್ನು ಮಂಜುಗಡ್ಡೆ. ನನಗೆ ತುಂಬಾ ಇಷ್ಟದ ಭಾಗ ಇದು.

ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ದ್ರವದಲ್ಲಿ ಮುಳುಗುತ್ತವೆ. ಮಂಜುಗಡ್ಡೆ ತೇಲುತ್ತದೆ. ದಿನಾ ನೋಡಿ ನೋಡಿ ನಮಗೆ ಅದು ವಿಚಿತ್ರ ಅನ್ನಿಸುವುದೇ ಇಲ್ಲ. ತಣ್ಣಗಾದಾಗ ಅಣುಗಳ ಓಡಾಟ ಕಡಿಮೆಯಾಗುತ್ತದೆ, ಹಿಡಿತಗಳು ನಿಲ್ಲುತ್ತವೆ. ಒಂದೊಂದು ಅಣುವೂ ಸರಿಯಾಗಿ ನಾಲ್ಕನ್ನು, ಬಲೂನಿನ ದಿಕ್ಕಿನಲ್ಲೇ, ಕೈ ಪೂರ್ತಿ ಚಾಚಿ ಹಿಡಿಯುತ್ತದೆ. ಕೈ ಚಾಚಿ ನಿಂತ ಜನ ಜಾಸ್ತಿ ಜಾಗ ತಗೊಳ್ಳುವುದಿಲ್ಲವೇ? ಹಾಗೇ. ನಡುನಡುವೆ ಆರು ಮೂಲೆಯ ಪೊಳ್ಳುಗಳು ಉಳಿಯುತ್ತವೆ. ಗಾತ್ರ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಿಮದ ಹರಳಿಗೆ ಯಾವಾಗಲೂ ಆರೇ ಮೂಲೆ ಯಾಕೆ ಅಂತ 1611ರಲ್ಲೇ ಕೆಪ್ಲರ್ ತಲೆ ಕೆಡಿಸಿಕೊಂಡಿದ್ದರು. ಗ್ರಹಗಳ ದಾರಿ ಲೆಕ್ಕ ಹಾಕಿದ ಅದೇ ಕೆಪ್ಲರ್. ಉತ್ತರ ಈ ಪೊಳ್ಳುಗಳಲ್ಲಿತ್ತು. ಆಗ ಅಣುವಿನ ಆಕಾರ ತಿಳಿಯುವ ದಾರಿಯೇ ಇರಲಿಲ್ಲ.

ನೀರು ಅತಿ ಒತ್ತಾಗಿರುವುದು 4 ಡಿಗ್ರಿಯಲ್ಲಿ. ಚಳಿಗಾಲದಲ್ಲಿ ಕೆರೆಯ ಮೇಲಿನ ನೀರು ತಣ್ಣಗಾಗುತ್ತಾ 4 ಡಿಗ್ರಿಗೆ ಬಂದಾಗ ಭಾರವಾಗಿ ತಳಕ್ಕೆ ಇಳಿಯುತ್ತದೆ. ಇನ್ನೂ ತಣ್ಣಗಾದದ್ದು ಹಗುರ, ಮೇಲೇ ಉಳಿಯುತ್ತದೆ. ಅದೇ ಮೊದಲು ಹೆಪ್ಪುಗಟ್ಟುತ್ತದೆ. ಮೇಲಿನ ಹೆಪ್ಪು ಕಂಬಳಿಯ ಹಾಗೆ ಕೆಳಗಿನ ನೀರನ್ನು ಕಾಯುತ್ತದೆ. ಮೀನುಗಳು ತಳದಲ್ಲಿ ಬದುಕುತ್ತವೆ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮುಳುಗುವ ಮಂಜುಗಡ್ಡೆ ಮಾಡೋಕಾಗುತ್ತಾ ಸರ್?" ಅಂತ ಕೇಳಿದ. ಎಂಥ ಒಳ್ಳೆಯ ಪ್ರಶ್ನೆ! ಆಗುತ್ತದೆ. ಜಲಜನಕದಲ್ಲೇ ಒಂದು ಭಾರದ ಬಗೆ ಇದೆ, ಡ್ಯುಟೀರಿಯಂ. ಅದರ ತಿರುಳಿನಲ್ಲಿ ಒಂದು ನ್ಯೂಟ್ರಾನ್ ಜಾಸ್ತಿ. 1931ರಲ್ಲಿ ಹೆರಾಲ್ಡ್ ಯೂರಿ ಕಂಡುಹಿಡಿದರು. ಅದರಿಂದ ಆದ ನೀರಿಗೆ ಭಾರಜಲ ಅನ್ನುತ್ತಾರೆ. ಆಕಾರ ಅದೇ, ಹಿಡಿತ ಹೆಚ್ಚುಕಡಿಮೆ ಅದೇ, ಪೊಳ್ಳುಗಳೂ ಅವೇ. ಆದರೆ ಅಣುವಿನ ತೂಕ 18ರ ಬದಲು 20. ಹಾಗಾಗಿ ಭಾರಜಲದ ಗಡ್ಡೆ ನಮ್ಮ ಸಾದಾ ನೀರಿನಲ್ಲಿ ಮುಳುಗುತ್ತದೆ. ಭಾರಜಲದಲ್ಲೇ ಹಾಕಿದರೆ ಮಾತ್ರ ತೇಲುತ್ತದೆ. ಹುಡುಗ ಕೂರಲೇ ಇಲ್ಲ, ಸ್ವಲ್ಪ ಹೊತ್ತು ನಿಂತೇ ಯೋಚಿಸುತ್ತಿದ್ದ.

ಉಪ್ಪು ನೀರಿನಲ್ಲಿ ಕರಗುವುದೂ ಇದೇ ಬಾಗಿನಿಂದ. ಹರಳಿನ ಮೂಲೆಯಲ್ಲಿರುವ ಸೋಡಿಯಂ ಕಡೆಗೆ ನೀರಿನ ಅಣುಗಳು ತಮ್ಮ ಆಮ್ಲಜನಕದ ಮಗ್ಗುಲು ತಿರುಗಿಸಿ ಮುತ್ತುತ್ತವೆ. ಕ್ಲೋರಿನ್ ಕಡೆಗೆ ಜಲಜನಕದ ಮಗ್ಗುಲು. ಮೂಲೆಯಿಂದ ಒಂದೊಂದಾಗಿ ಬಿಡಿಸಿ, ಸುತ್ತುವರಿದು, ಕರೆದುಕೊಂಡು ಹೋಗುತ್ತವೆ. 100 ಗ್ರಾಂ ನೀರು ಹೀಗೆ ಸುಮಾರು 36 ಗ್ರಾಂ ಉಪ್ಪನ್ನು ಬಿಡಿಸಬಲ್ಲದು. ಎಣ್ಣೆ ಕರಗುವುದಿಲ್ಲ. ಎಣ್ಣೆಗೆ ನೀರು ಕಂಡರೆ ಆಗುವುದಿಲ್ಲ ಅಂತಲ್ಲ. ಎಣ್ಣೆಯ ಅಣುವಿನಲ್ಲಿ ನೀರಿಗೆ ಹಿಡಿಯಲು ಏನೂ ಇಲ್ಲ. ಅದಕ್ಕೆ ಜಾಗ ಬಿಡಬೇಕಾದರೆ ನೀರಿನ ಅಣುಗಳು ತಮ್ಮ ತಮ್ಮ ಹಿಡಿತದಲ್ಲಿ ಹೊಂದಾಣಿಕೆ ಮಾಡಿಕೊಳ್ಳಬೇಕು. ಅದರ ಬದಲು ತಾವು ತಾವೇ ಹಿಡಿದುಕೊಂಡು ಎಣ್ಣೆಯನ್ನು ಒಂದು ಕಡೆ ಕೂಡಿಹಾಕುತ್ತವೆ.

ಒಬ್ಬರು ಮೇಷ್ಟ್ರು ಬಾಚಣಿಗೆಯ ಪ್ರಯೋಗ ಯಾಕೆ ತೋರಿಸಲಿಲ್ಲ ಅಂತ ಕೇಳಿದರು. ಕೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಸಣ್ಣಗೆ ಬೀಳುವ ನೀರಿನ ಹತ್ತಿರ ಹಿಡಿದರೆ ನೀರು ಬಾಗುತ್ತದೆ. ನೋಡಲು ಚೆಂದ. ಆದರೆ ಅಣುವಿನ ಧನ, ಋಣ ಮಗ್ಗುಲುಗಳು ತಿರುಗುವುದರಿಂದಲೇ ಹಾಗಾಗುತ್ತದೆ ಅಂತ ಅನೇಕ ಕಡೆ ವಿವರಣೆ ಕೊಡುತ್ತಾರೆ, ಅದು ಸರಿಯಲ್ಲ. ಅಲ್ಲಿ ಮುಖ್ಯ ಕೆಲಸ ಮಾಡುವುದು ಬೀಳುವ ನೀರಿನ ಮೇಲೆ ಕೂಡುವ ಚಾರ್ಜ್. ತಪ್ಪು ಕಾರಣ ಹೇಳಿ ಸರಿಯಾದ ಪಾಠ ಮಾಡುವುದು ನನಗೆ ಒಪ್ಪುವುದಿಲ್ಲ. ಅದಕ್ಕೇ ಬಿಟ್ಟೆ.

ಬಿಸಿಯ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೂಲ್ ಬೇಕು, ಕಬ್ಬಿಣಕ್ಕೆ ಅದರ ಒಂಬತ್ತನೇ ಒಂದು ಭಾಗ ಸಾಕು. ಕೊಟ್ಟ ಬಿಸಿಯ ಒಂದು ಪಾಲು ಹಿಡಿತ ಸಡಿಲಿಸುವುದಕ್ಕೇ ಹೋಗುತ್ತದೆ. ಆವಿಯಾಗಬೇಕಾದರೆ ಹಿಡಿತ ಪೂರ್ತಿ ಬಿಡಿಸಿಕೊಳ್ಳಬೇಕು, ಅದಕ್ಕೆ ಗ್ರಾಂಗೆ 2260 ಜೂಲ್. ಸೊನ್ನೆಯಿಂದ ನೂರಕ್ಕೆ ಕಾಯಿಸುವ ಖರ್ಚಿನ ಐದು ಪಟ್ಟಿಗಿಂತ ಜಾಸ್ತಿ. ಬೆವರು ಆರಿದಾಗ ಮೈ ತಣ್ಣಗಾಗುವುದು ಈ ಖರ್ಚನ್ನು ಚರ್ಮ ಕೊಡುವುದರಿಂದ.

ಇನ್ನೊಂದು. ಶುದ್ಧ ನೀರಿನಲ್ಲಿ ಎಲ್ಲ ಅಣುಗಳೂ ಇಡಿಯಾಗಿರುವುದಿಲ್ಲ. ಸುಮಾರು 55 ಕೋಟಿಯಲ್ಲಿ ಒಂದು ಅಣು ಯಾವಾಗಲೂ ಮುರಿದಿರುತ್ತದೆ. ಅದರ ಒಂದು ಜಲಜನಕ ತನ್ನ ಎಲೆಕ್ಟ್ರಾನನ್ನು ಬಿಟ್ಟು ಪಕ್ಕದ ಅಣುವಿಗೆ ಅಂಟಿಕೊಂಡಿರುತ್ತದೆ. ಆಮ್ಲತೆ ಅಳೆಯುವ ಪಿಎಚ್ ಅನ್ನುವ ಅಳತೆಯಲ್ಲಿ ಶುದ್ಧ ನೀರಿಗೆ 7 ಅನ್ನುವುದು ಈ ಲೆಕ್ಕವೇ. ಆಮ್ಲ ಹಾಕಿದರೆ ಇಂಥ ಜಲಜನಕಗಳು ಹೆಚ್ಚುತ್ತವೆ, ಪ್ರತ್ಯಾಮ್ಲ ಹಾಕಿದರೆ ಕಡಿಮೆಯಾಗುತ್ತವೆ. ಇದೇ ಇನ್ನೊಂದು ದಿನದ ಮಾತಾಗುತ್ತದೆ, ಇಲ್ಲಿಗೆ ಬಿಡುತ್ತೇನೆ.

ಲೋಟಕ್ಕೆ ವಾಪಸ್ ಬಂದೆ. ಹುಡುಗಿ ಅಷ್ಟು ಹೊತ್ತೂ ಅದರ ಪಕ್ಕದಲ್ಲೇ ಇದ್ದಳು. "ಇನ್ನೂ ಹಾಕ್ಲಾ?" ಅಂತ ಮೂರು ಸಲ ಕೇಳಿದ್ದಳು. ಹಾಕು ಅಂದೆ. ಹದಿಮೂರು, ಹದಿನಾಲ್ಕು. ಹದಿನೇಳಕ್ಕೆ ನೀರು ನಡುಗುವ ಹಾಗೆ ಕಂಡಿತು. ನಿಲ್ಲಿಸಿದೆವು.

ನೀರಿನ ಒಳಗಿರುವ ಅಣುವಿಗೆ ಎಲ್ಲ ಕಡೆಯೂ ನೆರೆಯವರು. ಎಳೆತ ಎಲ್ಲ ದಿಕ್ಕಿಗೂ ಸಮ. ಮೇಲ್ಪದರದ ಅಣುವಿಗೆ ಪಕ್ಕದಲ್ಲಿ ಇದ್ದಾರೆ, ಕೆಳಗೆ ಇದ್ದಾರೆ, ಮೇಲೆ ಯಾರೂ ಇಲ್ಲ. ಹಿಡಿಯಲು ಯಾರೂ ಇಲ್ಲದ ಕೈ ಇರುವುದು ಅಲ್ಲೇ. ಹಾಗಾಗಿ ಮೇಲ್ಮೈ ಆದಷ್ಟು ಚಿಕ್ಕದಾಗಲು ನೋಡುತ್ತದೆ, ಬಿಗಿದುಕೊಳ್ಳುತ್ತದೆ. ಚೆಲ್ಲಬೇಕಾದರೆ ಮೇಲ್ಮೈ ಹರಡಬೇಕು, ಇನ್ನಷ್ಟು ಅಣುಗಳು ನೆರೆಯವರನ್ನು ಬಿಟ್ಟು ಮೇಲೆ ಬರಬೇಕು. ಒಂದು ಮಿತಿಯವರೆಗೆ ಅದಾಗುವುದಿಲ್ಲ. ಗುಮ್ಮಟವನ್ನು ಹಿಡಿದಿರುವುದು ಈ ಬಿಗಿತ.

ಒಂದು ಕಡ್ಡಿಯ ತುದಿಯನ್ನು ಸೋಪಿನ ನೀರಿಗೆ ಅದ್ದಿ ಅವಳ ಕೈಗೆ ಕೊಟ್ಟೆ. ಸೋಪಿನ ಅಣು ಉದ್ದ. ಅದರ ತಲೆಗೆ ಚಾರ್ಜ್ ಇದೆ, ನೀರು ಅದನ್ನು ಹಿಡಿಯುತ್ತದೆ. ಬಾಲ ಎಣ್ಣೆಯ ಹಾಗೆ, ನೀರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಗಾಗಿ ಸೋಪು ಮೇಲ್ಪದರಕ್ಕೆ ಬಂದು, ತಲೆ ನೀರಿನೊಳಗೆ, ಬಾಲ ಗಾಳಿಗೆ ಮಾಡಿ ನಿಲ್ಲುತ್ತದೆ. ನೀರಿನ ಅಣುಗಳ ಜಾಗವನ್ನು ಅವು ತುಂಬುತ್ತವೆ. ಬಿಗಿತ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

"ನಡುವೆ ಒಂದೇ ಸಲ ಮುಟ್ಟಿಸು" ಅಂದೆ. ಸಭೆ ಉಸಿರು ಬಿಗಿ ಹಿಡಿದಿತ್ತು. ಅವಳು ಕಡ್ಡಿ ತಾಗಿಸಿದಳು. ಗುಮ್ಮಟ ಕುಸಿಯಿತು. ನೀರು ಲೋಟದ ಎಲ್ಲ ಕಡೆಯಿಂದಲೂ ಇಳಿದು, ಮೇಜಿನ ಮೇಲೆ ಹರಿದು, ಅವಳ ಚಪ್ಪಲಿಯ ಪಕ್ಕಕ್ಕೆ ತೊಟ್ಟಿಕ್ಕಿತು.